ನಮ್ಮ ಪೈಪ್ ಎಲ್ಲಿಂದ ಹೋಗಿದೆ?



ಲೋಣಾವಳಾ ಎಂದೊಡನೆ ನಿಮಗೆ ಮಳೆ, ಮಂಜು, ಚಿಕ್ಕಿ ನೆನಪಾಗುತ್ತವೆ. ನನಗೀಗ ನೆನಪಾಗುವುದು ಒಡೆದ ಪೈಪು! ಅಲ್ಲಿರುವ ನಮ್ಮ ಚಿಕ್ಕಮ್ಮನ ಮನೆಯಂಗಳದಲ್ಲಿ ಡಿಸೆಂಬರ್ ಬಂದರೂ ಒಂದು ಮೂಲೆ ಒಣಗಿರಲಿಲ್ಲ. ಬೆಳಗಿನ ಮೊದಲ ನೀರು ಕೆಸರು ಬಣ್ಣ. ಬಂದ ಪ್ಲಂಬರ್ ಕೇಳಿದ ಮೊದಲ ಪ್ರಶ್ನೆ: "ಪೈಪ್ ಎಲ್ಲಿಂದ ಹೋಗಿದೆ?" ಅದು ಗೊತ್ತಿದ್ದವರು ಚಿಕ್ಕಪ್ಪ ಒಬ್ಬರೇ, ಅವರು ಈಗಿಲ್ಲ. ಮೂರು ಕಡೆ ಅಗೆದ ಮೇಲೆ ತುಕ್ಕು ಹಿಡಿದ ಜಿಐ ಪೈಪು ಸಿಕ್ಕಿತು.

ಹಿಂದಿನವರಿಗೆ ಈ ಪ್ರಶ್ನೆಯ ಉತ್ತರ ಕಣ್ಣೆದುರೇ ಇರುತ್ತಿತ್ತು. ಲೋಣಾವಳಾ ಹತ್ತಿರದ ಭಾಜಾ ಗುಹೆಗಳಿಗೆ ಹೋಗಿ ನೋಡಿ. ಸುಮಾರು ಎರಡು ಸಾವಿರ ವರ್ಷಗಳ ಹಿಂದೆ ಬೌದ್ಧ ಭಿಕ್ಷುಗಳಿಗಾಗಿ ಬಂಡೆಯಲ್ಲೇ ಕೊರೆದ ನೀರಿನ ತೊಟ್ಟಿಗಳಿವೆ. ತೊಟ್ಟಿ ದಾನ ಕೊಟ್ಟವರ ಹೆಸರನ್ನು ಬ್ರಾಹ್ಮಿ ಲಿಪಿಯಲ್ಲಿ ಕೆತ್ತಿದ್ದಾರೆ. ನೀರು ಇಳಿದರೆ ನೋಡಿದವರಿಗೆ ತಿಳಿಯುತ್ತಿತ್ತು.

ಊರುಗಳು ಬೆಳೆದಾಗ ನೀರು ನೆಲದಡಿ ಹೋಯಿತು. ನಮ್ಮ ವಿಜಯಪುರವನ್ನೇ ತೆಗೆದುಕೊಳ್ಳಿ, ಅದು ಆಗಿನ ಬಿಜಾಪುರ. ಮುಹಮ್ಮದ್ ಆದಿಲ್ ಶಾಹನ ಕಾಲದಲ್ಲಿ, 1651ರಲ್ಲಿ, ಬೇಗಂ ತಾಲಾಬ್ ಆಯಿತು. ಅಲ್ಲಿಂದ ಊರಿಗೆ ನೀರು ಬಂದದ್ದು ಗಾರೆಯೊಳಗೆ ಹುದುಗಿಸಿದ ಮಣ್ಣಿನ ಕೊಳವೆಗಳಲ್ಲಿ. ದಾರಿಯುದ್ದಕ್ಕೂ ಅಲ್ಲಲ್ಲಿ 'ಗಂಜ್' ಎಂಬ ಗೋಪುರಗಳು. ಕೊಳವೆ ಒಡೆಯದಂತೆ ಒತ್ತಡ ಇಳಿಸುವುದು, ಕಸ ತಳಕ್ಕಿಳಿಸುವುದು ಅವುಗಳ ಕೆಲಸ.

ಪುಣೆಯಲ್ಲಿ ನಾನಾಸಾಹೇಬ ಪೇಶ್ವೆ 1750ರ ಸುಮಾರಿಗೆ ಕಾತ್ರಜ್ ಕೆರೆಯಿಂದ ಶನಿವಾರವಾಡೆಯ ಕಡೆಗೆ ಇಟ್ಟಿಗೆ-ಗಾರೆಯ ಸುರಂಗ ಕಾಲುವೆ ಮಾಡಿಸಿದ. ಅದಕ್ಕೂ ನಡುನಡುವೆ 'ಉಚ್ಛ್ವಾಸ'ಗಳೆಂಬ ಬಾಯಿಗಳು: ಗಾಳಿಯಾಡಲು, ಆಳು ಇಳಿದು ಹೂಳೆತ್ತಲು. ನೆಲದ ಮೇಲಿನ ಈ ಗುರುತುಗಳನ್ನು ನೋಡಿದರೆ ಕೆಳಗಿನ ನೀರಿನ ದಾರಿ ತಿಳಿಯುತ್ತಿತ್ತು.

ನಾವೋ, ಪೈಪು ಹೂತು, ಮೇಲೆ ಸಿಮೆಂಟು ಹಾಕಿ ಮರೆತುಬಿಡುತ್ತೇವೆ. ಪೋಲಾಗುವ ನೀರಷ್ಟೇ ನಷ್ಟವಲ್ಲ. ನಮ್ಮೂರುಗಳಲ್ಲಿ ನೀರು ಬಿಡುವುದು ಕೆಲವೇ ತಾಸು. ನೀರು ನಿಂತು ಪೈಪು ಬರಿದಾದಾಗ ಅದೇ ತೂತಿನಿಂದ ಚರಂಡಿಯ ಕೊಳೆ ಒಳಗೆ ಸೇರುತ್ತದೆ. ವರ್ಷಕ್ಕೆ 4,000 ಮಿಲಿಮೀಟರಿನಷ್ಟು ಮಳೆ ಬೀಳುವ ಲೋಣಾವಳಾದಲ್ಲಿ ನೆಲವೆಲ್ಲ ಒದ್ದೆ. ಸೋರಿಕೆ ಕಣ್ಣಿಗೆ ಬೀಳುವುದು ಬೇಸಗೆಯ ಕಡೆಗೇ.

ನಿಮ್ಮ ಮನೆಯಲ್ಲಿ ಅನುಮಾನವಿದೆಯೇ? ನೀರು ಬರುವ ಹೊತ್ತಿಗೆ ನಲ್ಲಿಗಳನ್ನೂ ಸಂಪಿನ ವಾಲ್ವನ್ನೂ ಮುಚ್ಚಿ ಮೀಟರ್ ನೋಡಿ. ಮುಳ್ಳು ತಿರುಗುತ್ತಿದ್ದರೆ ಮೀಟರಿನಿಂದ ಈಚೆ ಎಲ್ಲೋ ಸೋರುತ್ತಿದೆ. ಗಟ್ಟಿ ಪೈಪಿನ ಜಾಯಿಂಟ್ ಮಾತ್ರ ಬಿಟ್ಟಿದ್ದರೆ ಅಷ್ಟನ್ನೇ ಸರಿಮಾಡಿಸಿ. ಒಳಗೂ ಹೊರಗೂ ತುಕ್ಕು ತಿಂದ ಪೈಪಿಗೆ ತೇಪೆ ಹಾಕಿದರೆ ಪಕ್ಕದಲ್ಲೇ ಮತ್ತೊಂದು ತೂತು ಬೀಳುತ್ತದೆ. ಪೂರ್ತಿ ಬದಲಿಸುವುದೇ ಲೇಸು.

ಚಿಕ್ಕಮ್ಮ ಹಾಗೇ ಮಾಡಿದರು. ಹೊಸ ಪೈಪು ಮುಚ್ಚುವ ಮುನ್ನ ಅದರ ದಾರಿಯನ್ನು ಕಾಗದದಲ್ಲಿ ಬರೆದು, ಗೋಡೆಯಿಂದ ಎಷ್ಟು ಅಡಿ ಎಂದು ಗುರುತು ಹಾಕಿ, ರೇಷನ್ ಕಾರ್ಡಿನ ಜೊತೆ ಇಟ್ಟಿದ್ದಾರೆ. ಈ ಭಾನುವಾರ ನೀವೂ ಮನೆಯ ಹಿರಿಯರನ್ನು ಕೇಳಿ, ಬರೆದಿಡಿ.