ಕಪಿಲ್ ದೇವ್ ಮತ್ತು ಅವರ ಕಾಲದ ವೇಗದ ಬೌಲರ್‌ಗಳು: ಒಂದು ತುಲನೆ

ಟೆಸ್ಟ್ ಕ್ರಿಕೆಟಿನ ವೇಗದ ಬೌಲರ್‌ಗಳಲ್ಲಿ ಯಾರು ಹೆಚ್ಚು ಎಂಬ ಚರ್ಚೆ ಹಾಸ್ಟೆಲ್ ಕೋಣೆಗಳಲ್ಲೂ ಚಹಾದಂಗಡಿಗಳ ಮುಂದೆಯೂ ಎಂದೂ ಮುಗಿಯುವಂಥದ್ದಲ್ಲ. 1980ರ ದಶಕದ ಮಟ್ಟಿಗೆ ಈ ಚರ್ಚೆಯಲ್ಲಿ ನಾಲ್ಕು ಹೆಸರುಗಳು ತಪ್ಪದೆ ಬರುತ್ತವೆ. ವೆಸ್ಟ್ ಇಂಡೀಸ್‌ನ ಮಾಲ್ಕಂ ಮಾರ್ಷಲ್, ನ್ಯೂಝಿಲೆಂಡಿನ ರಿಚರ್ಡ್ ಹ್ಯಾಡ್ಲಿ, ಪಾಕಿಸ್ತಾನದ ಇಮ್ರಾನ್ ಖಾನ್ ಮತ್ತು ನಮ್ಮ ಕಪಿಲ್ ದೇವ್. ಒಂದು ವಿಕೆಟ್ ಪಡೆಯಲು ಇವರು ಬಿಟ್ಟುಕೊಟ್ಟ ಸರಾಸರಿ ರನ್ನುಗಳನ್ನು ನೋಡಿದರೆ ಮಾರ್ಷಲ್ 20.94, ಹ್ಯಾಡ್ಲಿ 22.29, ಇಮ್ರಾನ್ 22.81. ಕಪಿಲ್ ಮಾತ್ರ 29.64.

ಈ ಅಂತರಕ್ಕೆ ನಮ್ಮಲ್ಲಿ ಒಂದು ಸಿದ್ಧ ಉತ್ತರವಿದೆ. ‘ಕಪಿಲ್ ಬೌಲ್ ಮಾಡಿದ್ದು ಭಾರತದ ಜೀವವಿಲ್ಲದ ಪಿಚ್‌ಗಳಲ್ಲಿ. ಬೇರೆ ದೇಶದಲ್ಲಿ ಹುಟ್ಟಿದ್ದರೆ ಅವರೇ ಮೊದಲಿಗರಾಗುತ್ತಿದ್ದರು.’ ಕೇಳಲು ಹಿತವಾದ ಮಾತು. ಆದರೆ ಇತಿಹಾಸ ಇದನ್ನು ಒಪ್ಪುತ್ತದೆಯೇ? ಅದೃಷ್ಟವಶಾತ್ ಪರೀಕ್ಷಿಸಲು ದಾರಿಯಿದೆ. ಈ ಮೂವರೂ ಕಪಿಲ್ ಆಡಿದ ಸರಣಿಗಳಲ್ಲಿ, ಅವರು ಬೌಲ್ ಮಾಡಿದ ಪಿಚ್‌ಗಳಲ್ಲೇ ಬೌಲ್ ಮಾಡಿದ್ದಾರೆ.

ಮೊದಲು 1982-83ರ ಪಾಕಿಸ್ತಾನ ಪ್ರವಾಸ. ಆರು ಟೆಸ್ಟ್‌ಗಳ ಆ ಸರಣಿಯಲ್ಲಿ ಇಮ್ರಾನ್ ಪಡೆದದ್ದು 40 ವಿಕೆಟ್, ಸರಾಸರಿ 14ಕ್ಕಿಂತ ಕಡಿಮೆ. ಕಪಿಲ್ ಪಡೆದದ್ದು 24, ಸರಾಸರಿ 34ಕ್ಕಿಂತ ಹೆಚ್ಚು. ಅವೇನೂ ವೇಗಿಗಳಿಗಾಗಿ ಸಿದ್ಧಪಡಿಸಿದ ಹಸಿರು ಪಿಚ್‌ಗಳಲ್ಲ. ಇಮ್ರಾನರ ಕೈಯಲ್ಲಿದ್ದುದು ಬೇರೆಯೇ ವಿದ್ಯೆ. ಚೆಂಡು ಹಳೆಯದಾಗಿ ಒಂದು ಬದಿ ಒರಟಾದಾಗ, ಇನ್ನೊಂದು ಬದಿಯ ಹೊಳಪನ್ನು ಕಾಪಾಡಿಕೊಂಡು ವೇಗವಾಗಿ ಎಸೆದರೆ ಅದು ವಾಡಿಕೆಗೆ ವಿರುದ್ಧವಾಗಿ ಹೊಳಪಿನ ಬದಿಗೇ ತಿರುಗುತ್ತದೆ. ಸರ್ಫರಾಜ್ ನವಾಜ್ ಅವರಿಂದ ಇಮ್ರಾನ್ ಕಲಿತ ಈ ರಿವರ್ಸ್ ಸ್ವಿಂಗ್ ಮುಂದೆ ವಾಸಿಂ ಅಕ್ರಮ್, ವಕಾರ್ ಯೂನಿಸ್ ಅವರ ಕೈ ಸೇರಿತು. ಕರಾಚಿಯಲ್ಲಿ ಇಮ್ರಾನ್ ಒಂದೇ ಇನಿಂಗ್ಸ್‌ನಲ್ಲಿ 60 ರನ್ನಿಗೆ 8 ವಿಕೆಟ್ ಕಿತ್ತರು. ಹೊರಗೆ ಹೋಗುತ್ತದೆಂದು ಬ್ಯಾಟ್ ಎತ್ತಿ ಬಿಟ್ಟ ಚೆಂಡು ಒಳನುಗ್ಗಿ ನಮ್ಮ ಭದ್ರಾವತಿಯ ಗುಂಡಪ್ಪ ವಿಶ್ವನಾಥರನ್ನು ಬೌಲ್ಡ್ ಮಾಡಿದ್ದು ಅಲ್ಲೇ. ವಿಶ್ವನಾಥ್ ಆ ಸರಣಿಯ ನಂತರ ಮತ್ತೆ ಟೆಸ್ಟ್ ಆಡಲಿಲ್ಲ.

ಮರುವರ್ಷ ಕ್ಲೈವ್ ಲಾಯ್ಡ್‌ರ ವೆಸ್ಟ್ ಇಂಡೀಸ್ ಭಾರತಕ್ಕೆ ಬಂತು. ವಿಶ್ವಕಪ್ ಸೋಲಿನ ಸಿಟ್ಟು ಬೇರೆ. ಕಾನ್ಪುರದಲ್ಲಿ ಮಾರ್ಷಲ್ ಎಸೆತಕ್ಕೆ ಗವಾಸ್ಕರ್ ಕೈಯಿಂದ ಬ್ಯಾಟೇ ಹಾರಿಹೋಯಿತು. ಆರು ಟೆಸ್ಟ್‌ಗಳಲ್ಲಿ ಮಾರ್ಷಲ್ 33 ವಿಕೆಟ್ ಪಡೆದರು, ಮೈಕೇಲ್ ಹೋಲ್ಡಿಂಗ್ 30. ಇನ್ನು ಕಪಿಲ್? 29 ವಿಕೆಟ್. ಸರಾಸರಿ 18.51. ಮಾರ್ಷಲ್‌ರ ಸರಾಸರಿಗಿಂತ ಒಂದು ಕೂದಲಷ್ಟು ಮೇಲು! ಅಹಮದಾಬಾದಿನಲ್ಲಿ ನಾಯಕನಾಗಿ ಆಡುತ್ತಾ 83 ರನ್ನಿಗೆ 9 ವಿಕೆಟ್ ಪಡೆದ ಪಂದ್ಯವನ್ನೂ ಭಾರತ 138 ರನ್‌ಗಳಿಂದ ಸೋತಿತು. ಗೆಲ್ಲಲು 242 ಬೇಕಿದ್ದಾಗ ನಮ್ಮವರು ಮಾಡಿದ್ದು 103. ಮಾರ್ಷಲ್ ದಣಿದರೆ ಹೋಲ್ಡಿಂಗ್ ಇದ್ದರು. ಕಪಿಲ್ ದಣಿದರೆ ಆ ದರ್ಜೆಯ ವೇಗಿ ನಮ್ಮಲ್ಲಿ ಇನ್ನೊಬ್ಬರಿರಲಿಲ್ಲ.

ಇಲ್ಲಿಗೇ ನಿಂತರೆ ಕಪಿಲ್ ಅಭಿಮಾನಿಗಳು ಗೆದ್ದಂತೆ. ಆದರೆ ಹ್ಯಾಡ್ಲಿಯವರ ಕಥೆ ಉಳಿದಿದೆ. ಅವರಿಗೂ ಸರಿಜೋಡಿಯಾದ ಬೌಲರ್ ಸಿಕ್ಕಿದ್ದು ಕಡಿಮೆಯೇ. ಸುಮಾರು 1980ರಿಂದ ರನ್-ಅಪ್ ಮೊಟಕುಗೊಳಿಸಿ, ವೇಗದ ಬದಲು ನಿಖರತೆಯನ್ನು ನೆಚ್ಚಿಕೊಂಡವರು ಅವರು. 1985ರಲ್ಲಿ ಬ್ರಿಸ್ಬೇನ್‌ನಲ್ಲಿ 52 ರನ್ನಿಗೆ 9 ವಿಕೆಟ್ ಪಡೆದರು. ಉಳಿದ ಒಂದು ವಿಕೆಟ್‌ಗೂ ಕ್ಯಾಚ್ ಹಿಡಿದದ್ದು ಅವರೇ. 1988ರಲ್ಲಿ 37ರ ಪ್ರಾಯದಲ್ಲಿ ಭಾರತಕ್ಕೆ ಬಂದು, ಸ್ಪಿನ್ನರ್‌ಗಳು ಮೆರೆದ ಆ ಸರಣಿಯ ಮೂರು ಟೆಸ್ಟ್‌ಗಳಲ್ಲಿ 14ರ ಸರಾಸರಿಯಲ್ಲಿ 18 ವಿಕೆಟ್ ಪಡೆದರು. ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಅರುಣ್ ಲಾಲ್ ವಿಕೆಟ್ ಪಡೆದಾಗ ಅದು ಅವರ 374ನೆಯದು. ಇಯಾನ್ ಬೋಥಂ ದಾಖಲೆ ಮುರಿದದ್ದು ನಮ್ಮ ಊರಿನಲ್ಲೇ.

ಇನ್ನೂ ಒಂದು ಲೆಕ್ಕವಿದೆ. ಕಪಿಲ್‌ರ 434 ವಿಕೆಟ್‌ಗಳಲ್ಲಿ 219 ಭಾರತದಲ್ಲೇ ಬಂದವು. ಅಲ್ಲಿ ಅವರ ಸರಾಸರಿ ಸುಮಾರು 26. ವಿದೇಶದಲ್ಲಿ ಸುಮಾರು 33! ಹಾಗಾದರೆ ತವರಿನ ಪಿಚ್ ಅವರನ್ನು ಕೆಡಿಸಿತು ಎನ್ನುವುದು ಹೇಗೆ? ‘ಅತಿಯಾಗಿ ದುಡಿಸಿದರು’ ಎಂಬ ಮಾತೂ ಪೂರ್ತಿ ನಿಲ್ಲುವುದಿಲ್ಲ. ಒಂದು ಟೆಸ್ಟ್‌ಗೆ ಕಪಿಲ್ ಎಸೆದದ್ದು ಸರಾಸರಿ 212 ಚೆಂಡು, ಮಾರ್ಷಲ್ 217, ಹ್ಯಾಡ್ಲಿ 255. ವಿಕೆಟ್ ಕೀಳುವ ಸಾಮರ್ಥ್ಯವೊಂದನ್ನೇ ತೂಗಿದರೆ ಕಪಿಲ್ ನಾಲ್ಕನೆಯವರು ಎಂದು ಒಪ್ಪುವುದೇ ನ್ಯಾಯ. ಮೊದಲ ಸ್ಥಾನ, ನನ್ನ ದೃಷ್ಟಿಯಲ್ಲಿ, ಮಾರ್ಷಲ್‌ಗೆ. 1984ರಲ್ಲಿ ಲೀಡ್ಸ್‌ನಲ್ಲಿ ಎಡಗೈ ಹೆಬ್ಬೆರಳು ಮುರಿದಿದ್ದರೂ 53 ರನ್ನಿಗೆ 7 ವಿಕೆಟ್ ಪಡೆದವರು ಅವರು.

ಹಾಗಾದರೆ ಕಪಿಲ್‌ರ ಬಲ ಯಾವುದು? ಅದನ್ನು ಕಾಣಲು ಹಿಂದಕ್ಕೆ ಹೋಗಬೇಕು. 1932ರಲ್ಲಿ ಲಾರ್ಡ್ಸ್‌ನಲ್ಲಿ ಭಾರತ ಆಡಿದ ಮೊಟ್ಟಮೊದಲ ಟೆಸ್ಟ್‌ನಲ್ಲೇ ಹೋಶಿಯಾರ್‌ಪುರದ ಮೊಹಮ್ಮದ್ ನಿಸ್ಸಾರ್ 93 ರನ್ನಿಗೆ 5 ವಿಕೆಟ್ ಪಡೆದಿದ್ದರು. ಆರಂಭಿಕರಾದ ಹೋಮ್ಸ್ ಮತ್ತು ಸಟ್‌ಕ್ಲಿಫ್ ಇಬ್ಬರೂ ಅವರಿಗೆ ಬೌಲ್ಡ್. ಜೊತೆಗೆ ಅಮರ್ ಸಿಂಗ್ ಇದ್ದರು. ನಿಸ್ಸಾರ್ ಆಡಿದ್ದು ಆರೇ ಟೆಸ್ಟ್. ಅಮರ್ ಸಿಂಗ್ 1940ರಲ್ಲಿ ತೀರಿಕೊಂಡರು. ಆಮೇಲೆ ಸುಮಾರು ನಾಲ್ಕು ದಶಕ ನಮ್ಮಲ್ಲಿ ವೇಗ ಬತ್ತಿಹೋಯಿತು. 1970ರ ದಶಕದಲ್ಲಿ ಸ್ಪಿನ್ನರ್‌ಗಳಿಗಾಗಿ ಚೆಂಡಿನ ಹೊಳಪು ಕಳೆಯಲು ಗವಾಸ್ಕರ್ ಕೂಡ ಬೌಲಿಂಗ್ ಆರಂಭಿಸಿದ್ದುಂಟು. 1978ರಲ್ಲಿ ಫೈಸಲಾಬಾದಿನಲ್ಲಿ ಕಪಿಲ್ ಬೌನ್ಸರ್‌ಗೆ ಸಾದಿಕ್ ಮೊಹಮ್ಮದ್ ಹೆಲ್ಮೆಟ್ ತರಿಸಿಕೊಂಡಾಗ ಆ ಬರಗಾಲ ಮುಗಿಯಿತು.

ಅಲ್ಲಿಂದ 131 ಟೆಸ್ಟ್. ಗಾಯದ ಕಾರಣಕ್ಕೆ ಒಂದನ್ನೂ ಅವರು ತಪ್ಪಿಸಿಕೊಳ್ಳಲಿಲ್ಲ. ತಪ್ಪಿದ ಒಂದೇ ಒಂದು ಟೆಸ್ಟ್ ಆಯ್ಕೆಗಾರರು ಕೈಬಿಟ್ಟದ್ದರಿಂದ. ಭಾರತ ವಿರುದ್ಧದ ಆ ಅಮೋಘ ಸರಣಿಯ ಬೆನ್ನಿಗೇ ಇಮ್ರಾನ್ ಮೊಣಕಾಲಿನ ಕೆಳಗಿನ ಮೂಳೆ ಬಿರುಕುಬಿಟ್ಟು ದೀರ್ಘಕಾಲ ಬೌಲ್ ಮಾಡಲಾರದೆ ಹೋದರು. ಕಪಿಲ್ ಮಂಡಿಯ ಶಸ್ತ್ರಚಿಕಿತ್ಸೆಯ ನಂತರವೂ, ವೇಗ ತಗ್ಗಿದ ಮೇಲೂ ಓಡಿ ಬರುತ್ತಲೇ ಇದ್ದರು. ಅವರ ಸರಾಸರಿ ಏರಲು ಇದೂ ಒಂದು ಕಾರಣವೆಂದು ನನ್ನ ಅನಿಸಿಕೆ. 1994ರಲ್ಲಿ ಹ್ಯಾಡ್ಲಿಯವರ 431ನ್ನು ಅವರು ಸರಿಗಟ್ಟಿದ್ದು ಅದೇ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ. ಮುರಿದದ್ದು ಅಹಮದಾಬಾದಿನಲ್ಲಿ.

ಆ ದೀರ್ಘ ಓಟಕ್ಕೆ ಬೆಲೆ ತೆತ್ತವರಲ್ಲಿ ನಮ್ಮ ಮೈಸೂರಿನ ಜಾವಗಲ್ ಶ್ರೀನಾಥ್ ಒಬ್ಬರು. 1991ರಲ್ಲೇ ಬ್ರಿಸ್ಬೇನ್‌ನಲ್ಲಿ ಟೆಸ್ಟ್‌ಗೆ ಕಾಲಿಟ್ಟಿದ್ದರೂ, ತವರಿನಲ್ಲಿ ಮೊದಲ ಟೆಸ್ಟ್ ಆಡಲು ಕಪಿಲ್ ನಿವೃತ್ತರಾಗುವ ತನಕ, 1994ರ ಕೊನೆಯವರೆಗೆ ಅವರು ಕಾಯಬೇಕಾಯಿತು. 1999ರಲ್ಲಿ ಕೋಲ್ಕತ್ತದ ಈಡನ್ ಗಾರ್ಡನ್ಸ್‌ನಲ್ಲಿ ಪಾಕಿಸ್ತಾನದ ವಿರುದ್ಧ ಶ್ರೀನಾಥ್ 13 ವಿಕೆಟ್ ಪಡೆದರು. ಮೊದಲ ಬೆಳಿಗ್ಗೆ ಎದುರಾಳಿಗಳ ಸ್ಥಿತಿ 26ಕ್ಕೆ 6. ಆ ಪಂದ್ಯವನ್ನೂ ಭಾರತ 46 ರನ್‌ಗಳಿಂದ ಸೋತಿತು.