ಸುಂಕದವರ ಮುಂದೆ ಒಂದು ಪವನು

‘ಸುಂಕದವರ ಮುಂದೆ ಸುಖದುಃಖ ಹೇಳಿಕೊಂಡಂತೆ’ ಎಂಬ ಗಾದೆಯನ್ನು ಎಂಟನೆಯ ತರಗತಿಯಲ್ಲಿ ವಿಸ್ತರಿಸಿ ಬರೆಯಲು ಕೊಡುತ್ತಿದ್ದುದು ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ‘ಕೇಳುವ ಮನಸ್ಸಿಲ್ಲದವರ ಬಳಿ ಕಷ್ಟ ತೋಡಿಕೊಂಡು ಫಲವಿಲ್ಲ’ ಎಂದು ಎರಡು ವಾಕ್ಯ ಬರೆದು ಮುಗಿಸುತ್ತಿದ್ದಿರಿ. ಸುಂಕದವರೆಂದರೆ ಯಾರು, ಅವರ ಮುಂದೆ ಸುಖದುಃಖ ಹೇಳಿಕೊಳ್ಳುವ ಪ್ರಸಂಗವಾದರೂ ಏಕೆ ಬರುತ್ತಿತ್ತು ಎಂದು ಯಾರೂ ಕೇಳಿದ್ದಿಲ್ಲ. ಈಗ ನಿಮ್ಮಲ್ಲಿ ಅನೇಕರು ದುಬೈ, ಕುವೈತ್, ಮಸ್ಕತ್ತುಗಳಲ್ಲಿ ದುಡಿದು, ರಜೆಗೆ ಊರಿಗೆ ಬರುವಾಗ ಸಾಕ್ಷಾತ್ ಸುಂಕದವರ ಮುಂದೆ ನಿಂತವರೇ ಆಗಿದ್ದೀರಿ. ಆದ್ದರಿಂದ ಆ ಗಾದೆಯ ವಿಸ್ತರಣೆಯನ್ನು ಈ ಬಾರಿ ನಾನೇ ಬರೆಯುತ್ತಿದ್ದೇನೆ.

ಸುಂಕವೆಂಬುದು ಸಂಸ್ಕೃತದ ‘ಶುಲ್ಕ’ದಿಂದ ಬಂದ ತದ್ಭವ. ನಮ್ಮ ಶಾಸನಗಳಲ್ಲಿ ಪೆರ್ಜುಂಕ, ವಡ್ಡರಾವುಳ, ಬಿಲ್ಕೊಡೆ ಎಂಬ ಸುಂಕಗಳ ಹೆಸರುಗಳು ಮತ್ತೆ ಮತ್ತೆ ಬರುತ್ತವೆ. ಸುಂಕವೆರ್ಗಡೆ ಎಂಬ ಅಧಿಕಾರಿಯೂ ಕಾಣಿಸಿಕೊಳ್ಳುತ್ತಾನೆ. ಎಷ್ಟೋ ದೇವಾಲಯಗಳ ನಂದಾದೀಪ ಉರಿದದ್ದು ದಾರಿಯ ಸುಂಕದಿಂದ ಬಿಟ್ಟುಕೊಟ್ಟ ಹಣದಲ್ಲಿ. ಶರಣರಲ್ಲಿಯೂ ಸುಂಕದ ಬಂಕಣ್ಣನಿದ್ದಾನೆ. ಆತನ ವಚನಗಳಲ್ಲಿ ಆ ಕಾಯಕದ ಮಾತುಗಳೇ ಅಧ್ಯಾತ್ಮದ ಮಾತುಗಳಾಗಿವೆ. ಗಾದೆ ಕೆಟ್ಟ ಹೆಸರು ಕೊಟ್ಟಿದ್ದರೂ ಆ ಕಾಯಕ ಹೀನವೆಂದು ಯಾರೂ ತಿಳಿದಿರಲಿಲ್ಲ.

ಇನ್ನೂ ಹಿಂದಕ್ಕೆ ಹೋದರೆ ಕೌಟಿಲ್ಯನ ಅರ್ಥಶಾಸ್ತ್ರ ಸಿಗುತ್ತದೆ. ಶತಮಾನಗಳ ಕಾಲ ಹೆಸರಷ್ಟೇ ಉಳಿದಿದ್ದ ಈ ಗ್ರಂಥದ ಹಸ್ತಪ್ರತಿಯನ್ನು ಗುರುತಿಸಿ, 1909ರಲ್ಲಿ ಅಚ್ಚಿಗೆ ತಂದು, ಆಮೇಲೆ ಇಂಗ್ಲಿಷಿಗೂ ಅನುವಾದಿಸಿದವರು ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿದ್ದ ಆರ್. ಶಾಮಾಶಾಸ್ತ್ರಿಗಳು ಎಂಬುದು ನಾವು ಹೆಮ್ಮೆಪಡಬೇಕಾದ ಸಂಗತಿ. ಅದರ ಎರಡನೆಯ ಅಧಿಕರಣದಲ್ಲಿ ಶುಲ್ಕಾಧ್ಯಕ್ಷನ ಕರ್ತವ್ಯಗಳಿವೆ. ಊರಿನ ಹೆಬ್ಬಾಗಿಲ ಬಳಿ ಸುಂಕದ ಕಟ್ಟೆ, ಅದರ ಮೇಲೊಂದು ಧ್ವಜ. ನಾಲ್ಕೈದು ಮಂದಿ ಅಧಿಕಾರಿಗಳು ಕುಳಿತು ವರ್ತಕ ಯಾರು, ಎಲ್ಲಿಂದ ಬಂದ, ಸರಕೆಷ್ಟು, ಮುದ್ರೆ ಎಲ್ಲಿ ಬಿತ್ತು ಎಂದು ಬರೆದುಕೊಳ್ಳಬೇಕು. ಮುದ್ರೆಯಿಲ್ಲದಿದ್ದರೆ ಇಮ್ಮಡಿ ಸುಂಕ. ಹೊರಗಿನಿಂದ ಒಳಬರುವ ಸರಕಿಗೆ ಬೆಲೆಯ ಐದನೆಯ ಒಂದು ಭಾಗ. ವಿಮಾನ ನಿಲ್ದಾಣದಲ್ಲಿ ನೀವು ತುಂಬಿದ ಘೋಷಣಾ ಪತ್ರದಲ್ಲಿ ಇದಕ್ಕಿಂತ ಹೊಸದೇನೂ ಇರಲಿಲ್ಲ.

ಆದರೆ ನನ್ನನ್ನು ತಡೆದು ನಿಲ್ಲಿಸಿದ್ದು ಮುಂದಿನ ಮಾತು. ಮದುವೆಗೆಂದು ಒಯ್ಯುವ ವಸ್ತು, ಮದುಮಗಳು ತವರಿನಿಂದ ಗಂಡನ ಮನೆಗೆ ಕೊಂಡೊಯ್ಯುವ ವಸ್ತು, ಉಡುಗೊರೆ, ಯಜ್ಞಕ್ಕೆ, ಬಾಣಂತನಕ್ಕೆ, ಚೌಲ ಉಪನಯನಗಳಿಗೆ ಬೇಕಾದ ವಸ್ತು, ಇವುಗಳಿಗೆ ಸುಂಕವಿಲ್ಲ. ಸುಳ್ಳು ಹೇಳಿ ಈ ವಿನಾಯಿತಿ ಪಡೆದವನಿಗೆ ಮಾತ್ರ ಕಳ್ಳನ ಶಿಕ್ಷೆ. ಸರಕಿನ ಬೆಲೆ ಇಷ್ಟನ್ನು ಮೀರಬಾರದೆಂಬ ಮಿತಿಯನ್ನು ಆತ ಇಲ್ಲಿ ಹಾಕಿಲ್ಲ. ಯಾವುದಕ್ಕಾಗಿ ತಂದೆ ಎಂಬುದೇ ಅಲ್ಲಿ ಪ್ರಶ್ನೆ. ಕೌಟಿಲ್ಯನನ್ನು ನಿರ್ದಯಿಯೆಂದು ಹೇಳುವ ವಾಡಿಕೆಯುಂಟು. ಈ ಒಂದು ವಿಷಯದಲ್ಲಿ ಆತ ನಮ್ಮ ಕಾಲದ ನಿಯಮ ಬರೆದವರಿಗಿಂತ ಸಂಸಾರವನ್ನು ಹೆಚ್ಚು ಬಲ್ಲವನಾಗಿದ್ದ ಎಂದು ನನ್ನ ಅಭಿಪ್ರಾಯ. ಸುಂಕದವರ ಮುಂದೆ ಸುಖದುಃಖ ಹೇಳಿಕೊಳ್ಳಲು ಕಾರಣವಿದ್ದ ಕಾಲವೊಂದಿತ್ತು.

ನಮ್ಮ ಈಗಿನ ಕಾನೂನಿನ ಬೇರು ಹಡಗುಗಳ ಕಾಲದ್ದು. ಬ್ರಿಟಿಷರ 1878ರ ಸಮುದ್ರ ಸುಂಕ ಕಾಯಿದೆಯನ್ನು ತೆಗೆದು 1962ರ ಕಸ್ಟಮ್ಸ್ ಕಾಯಿದೆಯನ್ನು ತರಲಾಯಿತು. ಅದು ಜಾರಿಗೆ ಬಂದದ್ದು 1963ರ ಫೆಬ್ರವರಿ 1ರಂದು. ಅದರ 123ನೆಯ ಕಲಮು ವಿಶೇಷವಾದುದು. ಕಳ್ಳಮಾಲೆಂಬ ಸಕಾರಣ ಸಂಶಯದಿಂದ ವಶಪಡಿಸಿಕೊಂಡ ವಸ್ತು ಕಳ್ಳಮಾಲಲ್ಲವೆಂದು ರುಜುವಾತು ಮಾಡುವ ಹೊಣೆ ಅದನ್ನು ಇಟ್ಟುಕೊಂಡವನದೇ. ಎಲ್ಲ ವಸ್ತುಗಳಿಗೂ ಈ ನಿಯಮವಿಲ್ಲ. ಕಲಮಿನಲ್ಲೇ ಹೆಸರಿಸಿರುವುದು ಚಿನ್ನ ಮತ್ತು ಕೈಗಡಿಯಾರ. ಬೆಂಗಳೂರಿನಲ್ಲಿ ಎಚ್‌ಎಂಟಿ ಗಡಿಯಾರದ ಕಾರ್ಖಾನೆ ಹುಟ್ಟಿದ್ದು 1961ರಲ್ಲಿ ಎಂಬುದನ್ನು ನೆನೆದರೆ, ಆ ದಿನಗಳಲ್ಲಿ ವಿದೇಶೀ ಗಡಿಯಾರಕ್ಕಿದ್ದ ಬೆಲೆ ತಿಳಿಯುತ್ತದೆ.

ಚಿನ್ನದ ಕಥೆ ಬೇರೆ. 1947ರ ವಿದೇಶೀ ವಿನಿಮಯ ಕಾನೂನಿನಿಂದಲೇ ರಿಸರ್ವ್ ಬ್ಯಾಂಕಿನ ಅನುಮತಿಯಿಲ್ಲದೆ ಚಿನ್ನ ತರುವುದು ನಿಷಿದ್ಧವಾಗಿತ್ತು. ಚೀನಾ ಯುದ್ಧದ ಬೆನ್ನಿಗೇ, 1963ರ ಜನವರಿಯಲ್ಲಿ, ಮೊರಾರ್ಜಿ ದೇಸಾಯಿಯವರು ಅರ್ಥಸಚಿವರಾಗಿದ್ದಾಗ ಚಿನ್ನ ನಿಯಂತ್ರಣದ ಕಟ್ಟಳೆ ಬಂತು: 14 ಕ್ಯಾರೆಟ್ಟಿಗಿಂತ ಶುದ್ಧವಾದ ಒಡವೆ ಮಾಡಕೂಡದು. ಇಪ್ಪತ್ತನಾಲ್ಕರಲ್ಲಿ ಹದಿನಾಲ್ಕು ಪಾಲು ಮಾತ್ರ ಬಂಗಾರ, ಮಿಕ್ಕದ್ದು ಬೆರಕೆ. ಆಗ ನಾನು ಹೈಸ್ಕೂಲಿನ ಹುಡುಗ. ನಮ್ಮೂರ ಅಕ್ಕಸಾಲಿ ಆಚಾರ್ಯರು ಆ ಚಿನ್ನವನ್ನು ಒಮ್ಮೆ ಬಡಿದು ನೋಡಿ, ‘ಇದು ಮಾತು ಕೇಳುವುದಿಲ್ಲ ಮಾರಾಯರೇ’ ಎಂದು ಬದಿಗಿಟ್ಟದ್ದನ್ನು ಕಂಡಿದ್ದೇನೆ. ಬಹುದಿನ ಅವರು ಬೆಳ್ಳಿಯ ಉಡಿದಾರ, ಕಾಲ್ಗೆಜ್ಜೆಗಳಲ್ಲೇ ಸಂಸಾರ ತೂಗಿಸಿದರು. ದೇಶದಲ್ಲಿ ಕೆಲಸ ಕಳೆದುಕೊಂಡ ಅಕ್ಕಸಾಲಿಗರು ಆತ್ಮಹತ್ಯೆಗೂ ಶರಣಾದರು. 1966ರಲ್ಲಿ 14 ಕ್ಯಾರೆಟ್ಟಿನ ಕಟ್ಟು ಸಡಿಲಿತು. ಆದರೆ 1968ರಲ್ಲಿ ಚಿನ್ನ ನಿಯಂತ್ರಣ ಕಾಯಿದೆಯೇ ಬಂದು, ಜನಸಾಮಾನ್ಯರು ಗಟ್ಟಿ ಚಿನ್ನ ಇಟ್ಟುಕೊಳ್ಳುವುದು ಅಪರಾಧವಾಗಿ ಮುಂದುವರಿಯಿತು.

ಇಷ್ಟರಿಂದ ಚಿನ್ನದ ಮೋಹ ಕಡಿಮೆಯಾಯಿತೇ? ಇಲ್ಲ. ಹೊರಗಿನ ಬೆಲೆಗೂ ಮುಂಬಯಿಯ ಬೆಲೆಗೂ ಅಂತರ ಬೆಳೆಯಿತು. ಆ ಅಂತರದಲ್ಲಿ ಒಂದು ಉದ್ಯಮವೇ ಬೆಳೆಯಿತು. ಹತ್ತು ತೊಲೆಯ, ಅಂದರೆ 116.64 ಗ್ರಾಮಿನ ಗಟ್ಟಿಗೆ ಪತ್ರಿಕೆಗಳು ‘ಚಿನ್ನದ ಬಿಸ್ಕತ್ತು’ ಎಂದು ಹೆಸರಿಟ್ಟವು. ಸಿನೆಮಾಗಳ ಖಳನಾಯಕರೆಲ್ಲ ಕಳ್ಳಸಾಗಣೆದಾರರಾದರು.

ಇದೇ ಕಾಲಕ್ಕೆ ನಮ್ಮ ಜನ ಕೊಲ್ಲಿಗೆ ಹೊರಟರು. 1970ರ ದಶಕದಲ್ಲಿ ತೈಲದ ಬೆಲೆ ಏರಿದ ಮೇಲೆ ಮಂಗಳೂರು, ಉಡುಪಿ, ಭಟ್ಕಳದ ಮನೆಮನೆಗಳಿಂದ ಒಬ್ಬಿಬ್ಬರು ಹೋದರು. ಬಜ್ಪೆಯಲ್ಲಿ 1951ರಿಂದ ವಿಮಾನ ನಿಲ್ದಾಣವಿತ್ತಾದರೂ ಅಲ್ಲಿಂದ ನೇರವಾಗಿ ಕೊಲ್ಲಿಗೆ ಹಾರುವುದು ಸಾಧ್ಯವಾದದ್ದು 2006ರಲ್ಲಿ. ಅಲ್ಲಿಯವರೆಗೆ ಮುಂಬಯಿಯಲ್ಲಿ ಇಳಿದು, ಹಗ್ಗ ಬಿಗಿದ ಪೆಟ್ಟಿಗೆಗಳೊಂದಿಗೆ ರಾತ್ರಿಯಿಡೀ ಬಸ್ಸಿನಲ್ಲಿ ಬರಬೇಕು. ಟೂ-ಇನ್-ಒನ್, ನೈಲಾನ್ ಸೀರೆ, ಸೆಂಟಿನ ಬಾಟಲಿ, ಮನೆಯವರಿಗೊಂದು ಸರ. ನಮ್ಮ ಶಾಲೆಯ ಸುವರ್ಣ ಮಹೋತ್ಸವಕ್ಕೆ ಟೇಪ್‌ರೆಕಾರ್ಡರ್ ತಂದುಕೊಟ್ಟ ಹಳೆಯ ವಿದ್ಯಾರ್ಥಿ ಅದರ ಜೊತೆಗೆ ಸುಂಕದ ರಸೀದಿಯನ್ನೂ ಮುಖ್ಯೋಪಾಧ್ಯಾಯರಿಗೆ ಒಪ್ಪಿಸಿದ್ದ. ರಸೀದಿಯಿಲ್ಲದ ವಿದೇಶೀ ವಸ್ತು ಶಾಲೆಯಲ್ಲಿದ್ದರೂ ಕಷ್ಟವೆಂದು ಅವನ ಭಯ!

1990ರ ಜೂನ್‌ನಲ್ಲಿ ಚಿನ್ನ ನಿಯಂತ್ರಣ ಕಾಯಿದೆ ರದ್ದಾಯಿತು. 1992ರ ಮುಂಗಡಪತ್ರದಲ್ಲಿ ಮನಮೋಹನ ಸಿಂಗರು, ಕನಿಷ್ಠ ಆರು ತಿಂಗಳು ಹೊರಗಿದ್ದ ಭಾರತೀಯರು ವಿದೇಶೀ ಹಣದಲ್ಲಿ ಸುಂಕ ಕಟ್ಟಿ 5 ಕಿಲೋವರೆಗೆ ಚಿನ್ನ ತರಬಹುದೆಂದರು. ಮುಂದೆ ಈ ಮಿತಿ 10 ಕಿಲೋಗೆ ಏರಿ, ಆಮೇಲೆ 1 ಕಿಲೋಗೆ ಇಳಿಯಿತು. ಇದು ಸುಂಕ ಕಟ್ಟಿ ತರುವವರ ಮಾತು. ನಮ್ಮವರಿಗೆ ಬೇಕಾಗಿದ್ದುದು ಅದಲ್ಲ. ಮೈಮೇಲಿನ ಒಡವೆ ಸುಂಕವಿಲ್ಲದೆ ಬಾಗಿಲು ದಾಟಬೇಕು, ಅಷ್ಟೆ. ಅದಕ್ಕಿದ್ದ ನಿಯಮದ ಇತಿಹಾಸವೇ ಈ ಬರಹಕ್ಕೆ ಮುಖ್ಯವಾದುದು.

ಒಂದು ವರ್ಷಕ್ಕೂ ಹೆಚ್ಚು ಕಾಲ ಹೊರಗಿದ್ದು ಮರಳುವ ಗಂಡಸು 10,000 ರೂಪಾಯಿ, ಹೆಂಗಸು 20,000 ರೂಪಾಯಿ ಬೆಲೆಯ ಆಭರಣವನ್ನು ಸುಂಕವಿಲ್ಲದೆ ತರಬಹುದೆಂಬ ಮಿತಿ 1991ರಲ್ಲಿ ನಿಗದಿಯಾದದ್ದು. ಆಗ ಹತ್ತು ಗ್ರಾಮಿಗೆ ಸುಮಾರು ಮೂರೂವರೆ ಸಾವಿರ ರೂಪಾಯಿ. ಎಂಟು ಗ್ರಾಮಿಗೆ ಒಂದು ಪವನೆಂದು ಎಣಿಸುವ ನಮ್ಮ ಲೆಕ್ಕದಲ್ಲಿ ಇಪ್ಪತ್ತು ಸಾವಿರಕ್ಕೆ ಏಳು ಪವನು. ಒಂದು ಕರಿಮಣಿ ಸರ, ಎರಡು ಬಳೆ, ಒಂದು ಜೊತೆ ಓಲೆ; ಮರ್ಯಾದೆಯ ಮಿತಿಯೇ. ಆದರೆ ಚಿನ್ನದ ಬೆಲೆ ಏರುತ್ತ ಹೋಯಿತು, ನಿಯಮದ ಅಂಕಿ ಅಲ್ಲೇ ನಿಂತಿತು. 2012ರ ಕೊನೆಗೆ ಹತ್ತು ಗ್ರಾಮಿಗೆ ಮೂವತ್ತು ಸಾವಿರದ ಆಸುಪಾಸು. ಇಪ್ಪತ್ತು ಸಾವಿರಕ್ಕೆ ಒಂದು ಪವನೂ ಇಲ್ಲ! ಇಪ್ಪತ್ತೆರಡು ವರ್ಷಗಳಲ್ಲಿ ನಿಯಮದ ಒಂದಕ್ಷರವೂ ಬದಲಾಗದೆ, ಏಳು ಪವನು ಒಂದಕ್ಕಿಂತ ಕಡಿಮೆಯಾಯಿತು. ಊರ ಹೆಂಗಸರು ಕತ್ತಿನಲ್ಲಿರುವುದನ್ನು ತೂಕದಿಂದ ಬಲ್ಲರು, ರೂಪಾಯಿಯಿಂದಲ್ಲ. ಇನ್ನೊಂದು ವಿಚಿತ್ರ: ಅದೇ ಕಾಲದಲ್ಲಿ ಸರಕಾರ ಗಟ್ಟಿ ಚಿನ್ನದ ಮೇಲೆ ಸುಂಕ ವಿಧಿಸುತ್ತಿದ್ದುದು ತೂಕದ ಮೇಲೆ, 2010ರಲ್ಲಿ ಹತ್ತು ಗ್ರಾಮಿಗೆ 300 ರೂಪಾಯಿ. ತೆಗೆದುಕೊಳ್ಳುವಾಗ ತೂಕ, ಬಿಟ್ಟುಕೊಡುವಾಗ ಬೆಲೆ.

ನನ್ನ ತಂಗಿಯ ಮಗಳು ಕುವೈತಿನ ಆಸ್ಪತ್ರೆಯೊಂದರಲ್ಲಿ ದಾದಿ. 2011ರಲ್ಲಿ ತಮ್ಮನ ಮದುವೆಗೆಂದು ನಾಲ್ಕು ವರ್ಷಗಳ ಮೇಲೆ ಬಂದಳು. ಯಾವ ನಿಲ್ದಾಣವೆಂಬುದು ಇಲ್ಲಿ ಬೇಡ. ಕತ್ತಿನ ಸರ, ಕೈಯ ಎರಡು ಹೊಸ ಬಳೆ. ಎರಡು ಗಂಟೆ ಬೆಂಚಿನ ಮೇಲೆ ಕೂರಿಸಿದರು. ಅಧಿಕಾರಿ ಒರಟರೇನೂ ಅಲ್ಲವಂತೆ. ‘ನಾನೇನು ಮಾಡಲಮ್ಮ, ಪುಸ್ತಕದಲ್ಲಿರುವುದು ಇಪ್ಪತ್ತು ಸಾವಿರ’ ಎಂದು ಮುದ್ರಿತ ನಿಯಮವನ್ನೇ ತೋರಿಸಿದರಂತೆ. ಸರವನ್ನು ಬಿಟ್ಟು, ಬಳೆಗಳಿಗೆ ಸುಂಕ ಕಟ್ಟಿಸಿಕೊಂಡರು. ಹೊರಗೆ ಅವಳ ಅಪ್ಪ, ಬಾಡಿಗೆ ಕಾರು, ಮುಹೂರ್ತದ ಅವಸರ. ಮನೆಗೆ ಬಂದವಳು, ‘ಮಾವ, ಕೈಯಲ್ಲಿದ್ದ ಬಳೆಯನ್ನು ತೆಗೆದು ಅವರ ತಕ್ಕಡಿಯಲ್ಲಿ ಇಡುವಾಗ ನಾನು ಕದ್ದವಳ ಹಾಗೆ ಕಂಡೆನಾ?’ ಎಂದು ಕೇಳಿದಳು. ಹಣ ದೊಡ್ಡದಾಗಿರಲಿಲ್ಲ, ಅವಳನ್ನು ನೋಯಿಸಿದ್ದು ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದ್ದು.

ಅವಳೊಬ್ಬಳ ಮಾತಲ್ಲ ಇದು. 2013ರ ಮುಂಗಡಪತ್ರದ ಭಾಷಣದಲ್ಲಿ ಚಿದಂಬರಂ ಅವರು, ಈ ಮಿತಿ 1991ರ ನಂತರ ಬದಲಾಗಿಲ್ಲವೆಂದೂ ಪ್ರಯಾಣಿಕರು ಕಿರುಕುಳದ ದೂರು ಕೊಟ್ಟಿದ್ದಾರೆಂದೂ ಸಂಸತ್ತಿನಲ್ಲೇ ಒಪ್ಪಿಕೊಂಡು, ಗಂಡಸರಿಗೆ 50,000, ಹೆಂಗಸರಿಗೆ ಒಂದು ಲಕ್ಷವೆಂದು ಏರಿಸಿದರು. ಸಂತೋಷ, ಆದರೆ ಮತ್ತೆ ರೂಪಾಯಿಯಲ್ಲೇ! 2016ರ ಏಪ್ರಿಲ್‌ನಲ್ಲಿ ಬಂದ ಬ್ಯಾಗೇಜ್ ನಿಯಮಗಳಲ್ಲಿ ಇದರ ಜೊತೆಗೆ ತೂಕವನ್ನೂ ಸೇರಿಸಿದರು: ಗಂಡಸರಿಗೆ 20 ಗ್ರಾಂ, ಹೆಂಗಸರಿಗೆ 40 ಗ್ರಾಂ, ಬೆಲೆಯ ಮಿತಿಗೆ ಒಳಪಟ್ಟು. ಆಗಿನ ದರದಲ್ಲಿ 40 ಗ್ರಾಂ ಚಿನ್ನಕ್ಕೆ ಲಕ್ಷದ ಮೇಲೆಯೇ ಆಗುತ್ತಿತ್ತು. ಎಂದರೆ ನಿಯಮದ ಬಲಗೈ ಕೊಟ್ಟದ್ದನ್ನು ಎಡಗೈ ಮೊದಲ ದಿನವೇ ಕಿತ್ತುಕೊಂಡಿತ್ತು. 2025ರಲ್ಲಿ ಹತ್ತು ಗ್ರಾಮಿನ ಬೆಲೆ ಲಕ್ಷ ದಾಟಿದಾಗ ಐದು ಪವನಿನ ಅನುಮತಿ ಒಂದೂಕಾಲು ಪವನಿಗೆ ಇಳಿದಿತ್ತು. ನಡುವೆ 2017ರಲ್ಲಿ ಸರ್ವೋಚ್ಚ ನ್ಯಾಯಾಲಯವು ಪ್ರವಾಸಿ ಮಹಿಳೆಯೊಬ್ಬರ ಪ್ರಕರಣದಲ್ಲಿ, ಸ್ವಂತ ಬಳಕೆಯ ಆಭರಣ ಪ್ರಯಾಣಿಕರ ವೈಯಕ್ತಿಕ ವಸ್ತುವೇ ಹೊರತು ಕಳ್ಳಮಾಲಲ್ಲವೆಂದು ಆಕೆಯ ಪರವಾಗಿ ತೀರ್ಪಿತ್ತಿತು. ನ್ಯಾಯಾಲಯ ಸುಖದುಃಖ ಕೇಳಿತು. ಆದರೆ ನಡುರಾತ್ರಿ ವಿಮಾನ ಇಳಿದವಳು ಅಲ್ಲಿಯವರೆಗೆ ಹೋಗುವುದುಂಟೇ?

ಕೊನೆಗೆ 2026ರ ಫೆಬ್ರವರಿ 2ರಿಂದ ಜಾರಿಯಾದ ಹೊಸ ಬ್ಯಾಗೇಜ್ ನಿಯಮಗಳಲ್ಲಿ ಆಭರಣದ ಬೆಲೆಯ ಮಿತಿಯನ್ನು ಕೈಬಿಟ್ಟು ತೂಕವನ್ನಷ್ಟೇ ಉಳಿಸಿಕೊಳ್ಳಲಾಯಿತು. ವರ್ಷ ಮೀರಿ ಹೊರಗಿದ್ದ ಹೆಂಗಸಿಗೆ 40 ಗ್ರಾಂ, ಉಳಿದವರಿಗೆ 20 ಗ್ರಾಂ. ಐದು ಪವನು ಎಂದರೆ ಐದು ಪವನು, ಪೇಟೆಯ ಧಾರಣೆ ಏನೇ ಇರಲಿ. ಇಷ್ಟು ಸರಳವಾದುದಕ್ಕೆ ಮೂವತ್ತೈದು ವರ್ಷ ಬೇಕಾಯಿತು.

ಸುಂಕ ಇರಲೇಬಾರದೆಂದು ನಾನು ಹೇಳುವವನಲ್ಲ. ಕೋಲಾರದ ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು; ಹಟ್ಟಿಯ ಉತ್ಪನ್ನ ದೇಶದ ಬಾಯಾರಿಕೆಗೆ ಒಂದು ಹನಿ. ಮಿಕ್ಕದ್ದೆಲ್ಲ ಹೊರಗಿನಿಂದ ಬರಬೇಕು, ಅದಕ್ಕೆ ಡಾಲರು ತೆರಬೇಕು. ಆದರೆ ಸುಂಕ ಏರಿದಾಗಲೆಲ್ಲ ಕಳ್ಳದಾರಿ ಲಾಭದಾಯಕವಾಗುತ್ತದೆ. 2012ರ ಜನವರಿಯಲ್ಲಿ ಶೇಕಡಾ 2 ಇದ್ದುದು 2013ರ ಆಗಸ್ಟ್‌ನಲ್ಲಿ 10 ಆಯಿತು, 2022ರ ಜುಲೈಯಲ್ಲಿ 15 ಆಯಿತು. 2024ರ ಜುಲೈಯಲ್ಲಿ ಒಮ್ಮೆಗೇ 6ಕ್ಕೆ ಇಳಿಯಿತು. ನಡುವಿನ ವರ್ಷಗಳಲ್ಲಿ ಪೇಸ್ಟು ಮಾಡಿದ ಚಿನ್ನ, ಚಪ್ಪಲಿಯ ಅಡಿಯ ಚಿನ್ನ ಎಂದು ಕರಾವಳಿಯ ಪತ್ರಿಕೆಗಳಲ್ಲಿ ನೀವೆಲ್ಲ ಓದಿದ್ದೀರಿ. ಕೂಲಿಯ ಆಸೆಗೆ ಇನ್ನೊಬ್ಬರ ಪೊಟ್ಟಣ ಹೊತ್ತು ತಂದ ಎಳೆಯ ಹುಡುಗರು ಸಿಕ್ಕಿಬೀಳುತ್ತಾರೆ, ಕಳುಹಿಸಿದವನು ಸಿಗುವುದಿಲ್ಲ. ಪರಿಚಯದವರೇ ಆಗಲಿ, ಬಿಚ್ಚಿ ನೋಡದ ಪೊಟ್ಟಣವನ್ನು ನೀವು ಮುಟ್ಟಬೇಡಿ.

ಇನ್ನೆರಡು ಮಾತು, ಮುಖ್ಯವಾಗಿ ಹೆಣ್ಣುಮಕ್ಕಳಿಗೆ. ಊರಿನಿಂದ ಒಡವೆ ಹಾಕಿಕೊಂಡು ಹೋಗುವಾಗಲೇ ಕಸ್ಟಮ್ಸಿನವರಿಗೆ ತೋರಿಸಿ ರಫ್ತು ಪ್ರಮಾಣಪತ್ರ ಮಾಡಿಸಿಕೊಂಡರೆ, ಬರುವಾಗ ಅದೇ ಒಡವೆಗೆ ಸುಂಕದ ಪ್ರಶ್ನೆ ಏಳುವುದಿಲ್ಲ. ಮಿತಿ ಮೀರಿದ್ದರೆ ಹಸಿರು ದಾರಿ ಹಿಡಿಯದೆ ಕೆಂಪು ದಾರಿಯಲ್ಲೇ ಹೋಗಿ ನಿಜ ಹೇಳಿ. ಸುಂಕ ಕಟ್ಟುವ ಮನಸ್ಸಿಲ್ಲದಿದ್ದರೆ, ಹಾಗೆ ನಿಜ ಹೇಳಿ ತೋರಿಸಿದ ವಸ್ತುವನ್ನು ಅವರಲ್ಲೇ ಇರಿಸಿ, ರಸೀದಿ ಪಡೆದು, ಮರಳಿ ಹೋಗುವಾಗ ಹಿಂಪಡೆಯಲು ಕಾಯಿದೆಯ 80ನೆಯ ಕಲಮಿನಲ್ಲಿ ಅವಕಾಶವಿದೆ. ಇದನ್ನು ಕೇಳಿ ಪಡೆಯಬೇಕು, ತಾವಾಗಿ ಹೇಳುವವರು ಕಡಿಮೆ. ರಸೀದಿ, ಪ್ರಮಾಣಪತ್ರಗಳನ್ನು ವಿಮಾನದವರಿಗೊಪ್ಪಿಸುವ ದೊಡ್ಡ ಪೆಟ್ಟಿಗೆಯಲ್ಲಿ ಹಾಕಬೇಡಿ, ಕೈಚೀಲದಲ್ಲಿಟ್ಟುಕೊಳ್ಳಿ.