ಬೆಟ್ಟ, ಗಣಿ ಮತ್ತು ನಮ್ಮ ಹಾಜರಿ ಪುಸ್ತಕ

ಈ ಶಾಲೆಯಲ್ಲಿ ಇಪ್ಪತ್ತಾರು ವರ್ಷ ಸಮಾಜ ವಿಜ್ಞಾನ ಪಾಠ ಮಾಡಿ ನಿವೃತ್ತನಾದವನು ನಾನು. ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಊರಿನ ಇತಿಹಾಸ ಬರೆದುಕೊಡಿ ಎಂದು ಹಳೆಯ ವಿದ್ಯಾರ್ಥಿಗಳು ಕೇಳಿದರು. ಸಂಡೂರಿನ ಇತಿಹಾಸವನ್ನು ಗಣಿ ಬಿಟ್ಟು ಬರೆಯುವುದು ಹೇಗೆ?

ಘೋರ್ಪಡೆ ಅರಸರ ಸಂಸ್ಥಾನವಾಗಿದ್ದ ಸಂಡೂರು 1949ರಲ್ಲಿ ಮದ್ರಾಸಿಗೆ ಸೇರಿತು. 1953ರಲ್ಲಿ ಬಳ್ಳಾರಿಯ ಜೊತೆ ಮೈಸೂರು ರಾಜ್ಯಕ್ಕೆ ಬಂತು. ಮ್ಯಾಂಗನೀಸ್ ಅದಿರು ತೆಗೆಯುವುದು ಸಂಸ್ಥಾನದ ಕಾಲದಲ್ಲೇ ಶುರುವಾಗಿತ್ತು. 1977ರಲ್ಲಿ ದೋಣಿಮಲೈಯಲ್ಲಿ ಕೇಂದ್ರ ಸರ್ಕಾರದ ಕಬ್ಬಿಣದ ಗಣಿ ಆರಂಭವಾಯಿತು. ಗಣಿಯ ಸಂಬಳದಿಂದ ಓದಿ ಮುಂದೆ ಬಂದ ಮಕ್ಕಳು ನಮ್ಮ ಶಾಲೆಯಲ್ಲಿ ಅನೇಕರಿದ್ದಾರೆ. ಅದನ್ನು ಮರೆಯಬಾರದು.

2003ರ ನಂತರ ಚೀನಾದಲ್ಲಿ ಉಕ್ಕಿನ ಬೇಡಿಕೆ ಹೆಚ್ಚಿ ಅದಿರಿಗೆ ಚಿನ್ನದ ಬೆಲೆ ಬಂತು. ಹಗಲು ರಾತ್ರಿ ಲಾರಿಗಳ ಸಾಲು. ಕಿಟಕಿ ಮುಚ್ಚಿ ಪಾಠ ಮಾಡುತ್ತಿದ್ದೆವು. ಬೆಳಿಗ್ಗೆ ಬಿಳಿಯಾಗಿದ್ದ ಅಂಗಿ ಸಂಜೆಗೆ ಕೆಂಪು. ಒಂಬತ್ತನೇ ತರಗತಿಯ ಹುಡುಗರು ಒಬ್ಬೊಬ್ಬರಾಗಿ ಲಾರಿ ಕ್ಲೀನರ್‌ಗಳಾಗಿ ಹೋದರು. ಹಾಜರಿ ಪುಸ್ತಕದಲ್ಲಿ 'ದೀರ್ಘ ಗೈರು' ಎಂದು ಬರೆದು ಅವರ ಹೆಸರಿಗೆ ಗೆರೆ ಎಳೆದವನು ನಾನೇ. ಒಬ್ಬನ ಮನೆಗೂ ಹೋಗಿ ಕರೆಯಲಿಲ್ಲ. ಆ ತಪ್ಪು ಇಂದಿಗೂ ಕಾಡುತ್ತದೆ.

2011ರ ಜುಲೈನಲ್ಲಿ ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರು ಅಕ್ರಮ ಗಣಿಗಾರಿಕೆಯ ವರದಿ ಕೊಟ್ಟರು. ಅದೇ ತಿಂಗಳು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯಲ್ಲಿ ಗಣಿಗಾರಿಕೆ ನಿಲ್ಲಿಸಿತು. ಧೂಳು ಇಳಿಯಿತು, ಬೆಟ್ಟ ಮತ್ತೆ ಹಸಿರಾಗಿ ಕಂಡಿತು. ಆದರೆ ಕೂಲಿ ಇಲ್ಲದ ತಂದೆತಾಯಿಗಳು ವರ್ಗಾವಣೆ ಪತ್ರ ಕೇಳಿಕೊಂಡು ಬಂದರು. ನಾನು ಮತ್ತೆ ಗೆರೆ ಎಳೆದೆ. ಗಣಿ ಮಿತಿಮೀರಿ ಉಬ್ಬಿದಾಗಲೂ ತರಗತಿ ಖಾಲಿಯಾಯಿತು, ಒಮ್ಮೆಲೇ ನಿಂತಾಗಲೂ ಖಾಲಿಯಾಯಿತು.

ಮುಂದೆ ಕೋರ್ಟು ಜಿಲ್ಲೆಗೆ ವರ್ಷಕ್ಕೆ 2.5 ಕೋಟಿ ಟನ್ ಮಿತಿ ಹಾಕಿ ಅವಕಾಶ ಕೊಟ್ಟಿತು. ಆ ಮಿತಿ 2017ರಲ್ಲಿ 2.8 ಕೋಟಿ, 2022ರಲ್ಲಿ 3.5 ಕೋಟಿ ಟನ್ ಆಯಿತು. 2024ರಲ್ಲಿ ದೇವದಾರಿ ಬೆಟ್ಟದ ಗಣಿಯ ವಿಷಯ ರಾಜ್ಯದಲ್ಲೆಲ್ಲ ಚರ್ಚೆಯಾಯಿತು. ಈಗ ಊರಿನ ಚಹಾದಂಗಡಿಯಲ್ಲಿ ಎರಡೇ ಮಾತು: 'ಗಣಿ ದೊಡ್ಡದಾದರೆ ಕೆಲಸ ಬರುತ್ತೆ', 'ಕುಮಾರಸ್ವಾಮಿ ಬೆಟ್ಟ ಉಳಿಯುತ್ತಾ? ನಾರಿಹಳ್ಳಕ್ಕೆ ನೀರು ಬರುತ್ತಾ?' ಎರಡೂ ನಮ್ಮ ಮನೆಯ ಮಾತೇ.

ನಿವೃತ್ತಿಯ ನಂತರ ಗಣಿ ವಿಸ್ತರಣೆಯ ಒಂದು ಸಾರ್ವಜನಿಕ ಅಹವಾಲು ಸಭೆಗೆ ಹೋಗಿದ್ದೆ. ಟನ್ ಎಷ್ಟು, ಎಕರೆ ಎಷ್ಟು, ನೆಡುವ ಸಸಿ ಎಷ್ಟು ಎಂದು ಓದಿದರು. ಶಾಲೆ ಬಿಟ್ಟ ಮಕ್ಕಳೆಷ್ಟು ಎಂಬುದು ಯಾವ ಪುಟದಲ್ಲೂ ಇರಲಿಲ್ಲ. ಎದ್ದು ನಿಂತು ಕೇಳಿದೆ. 'ಲೆಕ್ಕ ಇದೆಯೇ ಮೇಷ್ಟ್ರೇ?' ಎಂದರು. ಬರಿಗೈಯಲ್ಲಿ ಹೋಗಿದ್ದೆ, ಸುಮ್ಮನೆ ಕೂತೆ.

ಲೆಕ್ಕ ಇದೆ. ಅದು ಶಾಲೆಯ ಕಚೇರಿಯ ಹಳೆಯ ಬೀರುವಿನಲ್ಲಿದೆ. ಅಂಥ ಸಭೆಯಲ್ಲಿ ನಾವು ಆಡಿದ್ದು, ಬರೆದುಕೊಟ್ಟಿದ್ದು ಸರ್ಕಾರಿ ದಾಖಲೆಗೆ ಸೇರುತ್ತದೆ. ಹಳೆಯ ವಿದ್ಯಾರ್ಥಿಗಳಲ್ಲಿ ನನ್ನ ವಿನಂತಿ ಇಷ್ಟೇ: ಸುವರ್ಣ ಮಹೋತ್ಸವದ ನೆನಪಿಗೆ ಕಮಾನು ಕಟ್ಟುವ ಮೊದಲು ಆ ಪುಸ್ತಕಗಳ ಧೂಳು ಒರೆಸಿ, ಗೆರೆ ಬಿದ್ದ ಹೆಸರುಗಳನ್ನು ವರ್ಷವಾರು ಎಣಿಸಿ. ಮುಂದಿನ ಸಭೆಗೆ ನಾನೂ ಬರುತ್ತೇನೆ, ಈ ಸಲ ಲೆಕ್ಕ ಹಿಡಿದುಕೊಂಡು.